ಅಪ್ಪಾಜಿಯ ಹಿತ್ತಾಳೆ ಸೈನ್ಯ

ನೆಪೋಲಿಯನ್ ಅಭಿಮಾನಿಗಳ ಸಂಘಕ್ಕೆ ಸೇರಲು ನನಗೆ ಬಿದ್ದ ಖರ್ಚು ಹನ್ನೊಂದು ರೂಪಾಯಿ. ಅವರು ಕೇಳಿದ್ದು ಇಪ್ಪತ್ತೈದು. ಹನ್ನೊಂದಕ್ಕೆ ಇಳಿಸಿದ್ದು ನಾನೇ, ಆಗ ನಾನು ಏಳನೇ ತರಗತಿ. ದುಡ್ಡು ಕೊಟ್ಟವಳು ಅವ್ವ. ಅವಳು ಕೊಟ್ಟದ್ದು ನೆಪೋಲಿಯನ್ ಮೇಲಿನ ಅಭಿಮಾನಕ್ಕಲ್ಲ, ಅಪ್ಪಾಜಿಯ ಮೇಲಿನ ಅನುಮಾನಕ್ಕೆ. ಆ ಸಂಘದ ಸಲುವಾಗಿ ಅಪ್ಪಾಜಿ ಕಾರ್ಖಾನೆಯ ಹಿತ್ತಾಳೆ ಕದ್ದು ಸಾಗಿಸುತ್ತಿದ್ದಾರೆ ಎಂದು ಅವಳಿಗೆ ಅನಿಸಿಬಿಟ್ಟಿತ್ತು. ಸಿಕ್ಕಿಬಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು. ನಮ್ಮ ಮನೆಗೆ ಇದ್ದದ್ದು ಅದೊಂದೇ ಕೆಲಸ. ಹೊಲ ಇರಲಿಲ್ಲ, ಅಂಗಡಿ ಇರಲಿಲ್ಲ, ಕೈಹಿಡಿಯುವ ಅಣ್ಣತಮ್ಮಂದಿರೂ ಇರಲಿಲ್ಲ. ಆದ್ದರಿಂದ ನಾನು ಸಂಘದ ಸದಸ್ಯೆಯಾಗಿ ಒಳಗೆ ಹೋಗಿ, ಎಲ್ಲ ನೋಡಿಕೊಂಡು ಬಂದು ಅವ್ವನಿಗೆ ಹೇಳಬೇಕಿತ್ತು.

ಈಗ ನಾನು ಹಳೇ ಮನೆಗಳ ಬಾಗಿಲು, ಕಂಬ, ತೊಲೆಗಳನ್ನು ಕೊಂಡು ಮಾರುತ್ತೇನೆ. ಒಂದು ಮನೆಗೆ ಕಾಲಿಟ್ಟರೆ ಸಾಕು, ಯಾವ ತೊಲೆ ಸಾಗುವಾನಿ, ಯಾವುದಕ್ಕೆ ಬರೀ ಬಣ್ಣ ಬಳಿದಿದ್ದಾರೆ ಎಂದು ಹೇಳಬಲ್ಲೆ. ಹರಿಹರದ ನಮ್ಮ ಮನೆಯನ್ನು ಇವತ್ತು ಯಾರಾದರೂ ನನಗೆ ತೋರಿಸಿದರೆ ಹೆಚ್ಚೇನೂ ಕೊಡಲಾರೆ. ಹೊಳೆಗೆ ಹೋಗುವ ಓಣಿಯಲ್ಲಿ ಅಕ್ಕಪಕ್ಕದ ಮನೆಗಳ ನಡುವೆ ಒತ್ತಿಕೊಂಡು ನಿಂತ ಮನೆ ಅದು. ಮುಂದೆ ಒಂದು ಪಡಸಾಲೆ, ಅದರ ಹಿಂದೆ ಬೆಳಕಿಲ್ಲದ ನಡುಮನೆ, ಆಮೇಲೆ ಅಡುಗೆಮನೆ, ಬಚ್ಚಲು, ಒಂದು ಕಲ್ಲು ಹಾಸಿದ ಹಿತ್ತಲು. ಬಾಗಿಲಿಂದ ಹಿತ್ತಲಿನವರೆಗೆ ಒಂದೇ ನೇರ, ಯಾರು ಎಲ್ಲಿ ಏನು ಮಾಡಿದರೂ ಎಲ್ಲರಿಗೂ ಕಾಣುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವರಿಗೆ ನೋಡುವ ಚಟ ತಾನಾಗಿ ಬರುತ್ತದೆ. ಪಡಸಾಲೆಯ ಗೋಡೆಯ ಗೂಡಿನಲ್ಲಿ ಒಂದು ಹಿತ್ತಾಳೆ ಬುಶ್ ಇತ್ತು. ಯಂತ್ರದ ದಂಡ ತಿರುಗುವಾಗ ಸವೆಯದಿರಲೆಂದು ಸುತ್ತ ಕೂರಿಸುವ ದಪ್ಪ ಬಳೆಯಂಥ ತುಣುಕು. ಅಪ್ಪಾಜಿ ಕಾರ್ಖಾನೆಯಲ್ಲಿ ಟರ್ನರ್, ದಿನವಿಡೀ ಲೇತ್ ಯಂತ್ರದ ಮುಂದೆ ನಿಂತು ಅವರು ಕಡೆಯುತ್ತಿದ್ದದ್ದು ಇಂಥವನ್ನೇ. ಕೆಲಸ ಕಲಿಯುವಾಗ ಕೆಡಿಸಿದ ಮೊದಲನೆಯದನ್ನು ಮೇಸ್ತ್ರಿಯೇ ಕೊಟ್ಟು ಕಳಿಸಿದ್ದರಂತೆ. ಅಜ್ಜಿ ಅದರಲ್ಲಿ ಊದುಬತ್ತಿ ಸಿಕ್ಕಿಸುತ್ತಿದ್ದಳು.

ನಮ್ಮ ಮನೆಯಲ್ಲಿ ಕೇಳುವ ಪದ್ಧತಿ ಇರಲಿಲ್ಲ. ಎಲ್ಲಿಗೆ ಹೋಗಿದ್ದೆ, ಯಾಕೆ ತಡ, ಇದನ್ನು ಎಲ್ಲಿಂದ ತಂದೆ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಅದು ಅವಮಾನ. ಕೇಳದೆ ತಿಳಿದುಕೊಳ್ಳುವುದೇ ಮರ್ಯಾದೆ. ಹಾಗಾಗಿ ಅವ್ವ ಅಂಗಿಯ ಕಿಸೆ ನೋಡುತ್ತಿದ್ದಳು, ಅಜ್ಜಿ ಚೀಲದ ಭಾರ ನೋಡುತ್ತಿದ್ದಳು, ಅಪ್ಪಾಜಿ ಸಾರಿನ ಉಪ್ಪಿನಿಂದಲೇ ಅತ್ತೆ-ಸೊಸೆಯರ ಜಗಳ ಅಳೆಯುತ್ತಿದ್ದರು. ಹಾಗೆ ತಿಳಿದದ್ದು ಮುಕ್ಕಾಲು ಪಾಲು ಸರಿಯೇ ಇರುತ್ತಿತ್ತು. ಅಪಾಯ ಇದ್ದದ್ದು ಅಲ್ಲಿಯೇ. ಪೂರಾ ತಪ್ಪಾಗಿದ್ದರೆ ಯಾವಾಗಲೋ ಆ ಪದ್ಧತಿ ಬಿಟ್ಟುಹೋಗಿರುತ್ತಿತ್ತು.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಅದೇ ಹೊತ್ತಿನಲ್ಲಿ ಅಪ್ಪಾಜಿ ತಿಂಗಳಿಗೆ ಎರಡು ಭಾನುವಾರ ದಾವಣಗೆರೆಗೆ ಹೋಗತೊಡಗಿದರು. ಮೊದಮೊದಲು ಹೊಸ ಕಚೇರಿಯಲ್ಲಿ ಏನೋ ಕೆಲಸ ಇರಬೇಕು ಎಂದುಕೊಂಡೆವು. ಆಮೇಲೆ ಅವರೇ ಒಂದು ದಿನ ರೊಟ್ಟಿ ಮುರಿಯುತ್ತ, ನೆಪೋಲಿಯನ್ ಅಭಿಮಾನಿ ಸಂಘ ಎಂದು ಒಂದು ಐತೆ, ಅದಕ್ಕೆ ಸೇರಿದ್ದೇನೆ ಎಂದರು. ಅಷ್ಟೇ ಹೇಳಿದ್ದು. ಅವರು ಕೈತೊಳೆಯಲು ಹಿತ್ತಲಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ವಿಚಾರಣೆ ಶುರುವಾಯಿತು.

“ಯಾರವ್ವ ಅವನು?” ಅಜ್ಜಿ ಕೇಳಿದಳು.

“ಫ್ರಾನ್ಸಿನ ರಾಜ, ಅಜ್ಜಿ. ದೊಡ್ಡ ಸೇನಾಪತಿ. ಸತ್ತು ಭಾಳ ವರ್ಷ ಆತು,” ಎಂದೆ. ಪಾಠದಲ್ಲಿ ಬಂದಿತ್ತು.

“ಸತ್ತು ಮಣ್ಣಾದ ಪರದೇಶದವನ ಸಲುವಾಗಿ ಯಾರಾದ್ರೂ ಚಾಪೆ ಹಾಸಿ ಕೂಡ್ತಾರೇನು? ಇದರಾಗೆ ಏನೋ ಐತೆ. ಚೀಟಿ ವ್ಯವಹಾರ ಇರಬೇಕು.”

ಅವ್ವ ದನಿ ತಗ್ಗಿಸಿದಳು. “ಚೀಟಿ ಅಲ್ಲತ್ತಿ. ಪ್ಯಾಂಟಿನ ಮಡಿಕಿಯಾಗೆ ಹಿತ್ತಾಳಿ ಸುರುಳಿ ಸಿಕ್ಕೈತೆ. ಡ್ಯೂಟಿ ಪ್ಯಾಂಟಲ್ಲ, ಭಾನುವಾರದ ಪ್ಯಾಂಟು. ಕೈಯೆಲ್ಲ ಲೇತಿನ ಎಣ್ಣಿ ವಾಸ್ನಿ. ರಜಾ ದಿನ ಯಾವ ರಾಜನ ಮನಿಯಾಗೆ ಲೇತು ಓಡ್ತದ?”

ಅಜ್ಜಿ ಎಲೆಅಡಿಕೆಯ ಚೀಲದ ಬಾಯಿ ಬಿಗಿದಳು. ಅಂದರೆ ಒಪ್ಪಿದಳು ಎಂದರ್ಥ. ಮುಂದಿನ ಭಾನುವಾರಕ್ಕೆ ನನ್ನ ಜಡೆ ಬಿಗಿಯಾಗಿ ಹೆಣೆದು, ಹೊಸ ಲಂಗ ತೊಡಿಸಿ, ನಾನೂ ಬರುತ್ತೇನೆಂದು ಹಟ ಮಾಡಲು ಅವ್ವ ಹೇಳಿಕೊಟ್ಟಳು. ನಾನು ಹಟ ಮಾಡಿದೆ. ಅಪ್ಪಾಜಿಗೆ ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು, ದಾರಿಯುದ್ದಕ್ಕೂ ವಾಟರ್‌ಲೂ ಯುದ್ಧದ ಹಿಂದಿನ ರಾತ್ರಿ ಎಷ್ಟು ಮಳೆ ಬಂದಿತ್ತು ಎಂದು ಹೇಳಿದರು. ಇಷ್ಟು ಮಾತಾಡುತ್ತಿದ್ದಾರೆಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ.

ಸಂಘ ಕೂಡುತ್ತಿದ್ದದ್ದು ಹಳೇ ದಾವಣಗೆರೆಯಲ್ಲಿ, ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ. ಮಂಚ ಎತ್ತಿ ಗೋಡೆಗೆ ಒರಗಿಸಿದ್ದರು. ನಡುವೆ ಬಾಗಿಲಿನಷ್ಟು ದೊಡ್ಡ ಹಲಗೆ, ಅದರ ಮೇಲೆ ಸುಣ್ಣದ ಗಾರೆಯಲ್ಲಿ ಮಾಡಿದ ದಿಬ್ಬಗಳು, ಹಸಿರು ಬಣ್ಣದ ಹೊಲ, ಒಂದು ತೋಟದ ಮನೆ. ಸುತ್ತ ಎಂಟು ಹತ್ತು ಜನ ಗಂಡಸರು. ಮೇಷ್ಟ್ರು ಬಿಳಿ ಪಂಚೆ ಉಟ್ಟು ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟಿದ್ದರು.

“ಬರ್ರಿ ಬಸಣ್ಣ, ಕೂಡ್ರಿ. ಯಾರಿದು ಹೊಸ ಸಿಪಾಯಿ?”

“ಮಗಳು ಸರ್, ಸುಮಾ. ತಾನೂ ಸೇರ್ತಾಳಂತೆ.”

“ಭೇಷ್! ಮಕ್ಕಳಿಗೆ ಇಪ್ಪತ್ತೈದು ರೂಪಾಯಿ ತಾಯಿ.”

ನಾನು ಕೈಯಲ್ಲಿದ್ದ ಕರವಸ್ತ್ರದ ಗಂಟು ಬಿಚ್ಚಲಿಲ್ಲ. “ಇಪ್ಪತ್ತೈದಕ್ಕೆ ಏನೇನು ಕೊಡ್ತೀರಿ ಸರ್?”

“ಏನೇನು ಅಂದ್ರೆ? ಚಹಾ, ಮಂಡಕ್ಕಿ, ಕೂಡಾಕೆ ಕುರ್ಚಿ, ವರ್ಷಕ್ಕೊಮ್ಮೆ ಅಧ್ಯಕ್ಷರನ್ನು ಆರಿಸೋ ಹಕ್ಕು.”

“ಚಹಾ ನಾನು ಕುಡಿಯಂಗಿಲ್ಲ. ಚಾಪಿ ಮ್ಯಾಲೆ ಕೂಡ್ತೀನಿ. ಅಧ್ಯಕ್ಷರು ನೀವೇ ಇರ್ರಿ, ನಂದೇನೂ ತಕರಾರಿಲ್ಲ. ಹನ್ನೊಂದು ತಗೊಳ್ರಿ.”

“ಮಂಡಕ್ಕಿ ಬ್ಯಾಡ ಅನ್ನಲಿಲ್ಲ ನೋಡ್ರಿ ಬಸಣ್ಣ!” ಎಂದು ಮೂಲೆಯಿಂದ ಒಬ್ಬರು ನಕ್ಕರು. ಅವರು ಖಾದರ್ ಸಾಬ್ರು, ಎರಡು ಓಣಿ ಆಚೆ ಪಂಪ್‌ಸೆಟ್ ರಿಪೇರಿ ಶೆಡ್ ಇಟ್ಟವರು. ಎಲ್ಲರೂ ನಕ್ಕರು. ಮೇಷ್ಟ್ರು ರಸೀದಿ ಹರಿದು ಕೊಟ್ಟರು. ನಗುತ್ತ ರಿಯಾಯಿತಿ ಕೊಡುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಇಷ್ಟು ಸುಲಭಕ್ಕೆ ಬಿಟ್ಟರೆಂದರೆ ಇವರ ಲಾಭ ಬೇರೆ ಎಲ್ಲೋ ಇದೆ ಎಂದು ಅವತ್ತು ಮನಸ್ಸಿನಲ್ಲಿ ಬರೆದುಕೊಂಡೆ.

ಆಮೇಲೆ ಮೇಷ್ಟ್ರು ಮೂರು ಬಿಸ್ಕತ್ತಿನ ಡಬ್ಬಿ ತೆಗೆದರು. ಒಳಗಿದ್ದದ್ದು ಹಿತ್ತಾಳೆಯ ಸೈನಿಕರು. ಕಿರುಬೆರಳಿನಷ್ಟು ಎತ್ತರ, ಒಬ್ಬೊಬ್ಬರಿಗೂ ತಲೆಯ ಮೇಲೆ ಒಂದೊಂದು ಬಗೆಯ ಟೊಪ್ಪಿಗೆ, ಸೊಂಟದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಪಟ್ಟಿ. ಕುದುರೆಗಳಿರಲಿಲ್ಲ, ಕುದುರೆ ಲೇತ್‌ನಲ್ಲಿ ಬರುವುದಿಲ್ಲವಂತೆ. ಅದರ ಬದಲು ಸವಾರರಿಗೆ ಎತ್ತರದ ಪೀಠ ಕಡೆದಿದ್ದರು. ಫಿರಂಗಿಗಳ ಗಾಲಿ ನಿಜವಾಗಿ ತಿರುಗುತ್ತಿದ್ದವು. ಎಲ್ಲ ಸೇರಿ ನೂರಾ ನಲವತ್ತಕ್ಕೂ ಹೆಚ್ಚು. “ಇದೆಲ್ಲ ನಿಮ್ಮಪ್ಪಂದೇ ಕೈಚಳಕ ತಾಯಿ,” ಎಂದರು ಮೇಷ್ಟ್ರು. ನನಗೆ ಹೆಮ್ಮೆ ಆಗಬೇಕಿತ್ತು. ಆದದ್ದು ಭಯ. ಇಷ್ಟು ಹಿತ್ತಾಳೆ!

ಅವರು ದಾಳಿಯ ಹೊತ್ತಿನ ಬಗ್ಗೆ ವಾದಕ್ಕಿಳಿದರು. ಬೆಳಿಗ್ಗೆ ಬೇಗ ಯುದ್ಧ ಶುರುಮಾಡಿದ್ದರೆ ನೆಪೋಲಿಯನ್ ಗೆಲ್ಲುತ್ತಿದ್ದ, ಕಾದದ್ದೇ ತಪ್ಪು ಎಂದು ಮೇಷ್ಟ್ರು. ಖಾದರ್ ಸಾಬ್ರು ಒಪ್ಪಲಿಲ್ಲ.

“ಸರ್, ಕೆಸರಾಗೆ ಫಿರಂಗಿ ಎಳೆಯೋದು ಪುಸ್ತಕದಾಗೆ ಓದಿದಂಗಲ್ಲ. ಮಳಿ ಬಿದ್ದ ಗದ್ದಿ ಬದುವಿನ ಮ್ಯಾಲೆ ಒಂದು ಐದು ಎಚ್‌ಪಿ ಮೋಟ್ರು ಎಳ್ದು ನೋಡ್ರಿ. ಆಮ್ಯಾಲೆ ಆ ಮನುಷ್ಯನ್ನ ಬೈಯ್ರಿ.”

“ಅಲ್ರೀ ಸಾಬ್ರೇ, ಅವನ ಹತ್ರ ಸಾವಿರಾರು ಜನ ಇದ್ದರು.”

ಆಗ ಅಪ್ಪಾಜಿ ಮಾತಾಡಿದರು. “ಜನ ಇದ್ರೇನ್ ಸರ್, ಗಾಲಿ ಅಚ್ಚು ಜಾಮ್ ಆದ್ರೆ ಜನ ಏನ್ ಮಾಡ್ತಾರ? ಅವನು ಮೊದಲು ಫಿರಂಗಿ ದಳದವನು. ಒಣಗೋ ತನಕ ಕಾಯಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ಸೋತ.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮನೆಯಲ್ಲಿ ಅಪ್ಪಾಜಿ ನಾಲ್ಕು ವಾಕ್ಯ ಒಟ್ಟಿಗೆ ಆಡಿದ್ದನ್ನು ನಾನು ಕಂಡಿರಲಿಲ್ಲ. ನಮಗೆ ಕೊಡದ ಮಾತನ್ನು ಇಲ್ಲಿ ತಂದು ಸುರಿಯುತ್ತಿದ್ದಾರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಆಮೇಲೆ ನಾನು ಮಾಡಿದ್ದರಲ್ಲಿ ಆ ಕಿಚ್ಚಿನ ಪಾಲೂ ಇದೆ.

ಮಧ್ಯಾಹ್ನದ ಮೇಲೆ ಅಪ್ಪಾಜಿ ಮತ್ತು ಖಾದರ್ ಸಾಬ್ರು ಎದ್ದರು. ನಾನೂ ಎದ್ದೆ. “ಶೆಡ್ಡಿಗೆ ಬ್ಯಾಡ ಮಗಳೇ, ಕಿಡಿ ಹಾರ್ತಾವ,” ಎಂದು ಅಪ್ಪಾಜಿ ತಡೆದರು. ಇಷ್ಟು ಸಾಕಾಯಿತು ನನಗೆ. ನೀರು ಕುಡಿಯುವ ನೆವ ಮಾಡಿ ಹಿಂದೆಯೇ ಹೋಗಿ ಶೆಡ್ಡಿನ ಬಾಗಿಲ ಸಂದಿಯಿಂದ ನೋಡಿದೆ. ಬಿಚ್ಚಿಟ್ಟ ಪಂಪುಗಳು, ತಾಮ್ರದ ತಂತಿ, ಒಂದು ಸಣ್ಣ ಲೇತ್. ಬಾಗಿಲ ಬಳಿಯೇ ಒಂದು ಬಣ್ಣದ ಡಬ್ಬಿ, ಅದರ ತುಂಬ ಹಿತ್ತಾಳೆ ಬುಶ್. ನಮ್ಮ ಮನೆಯ ಗೂಡಿನಲ್ಲಿ ಊದುಬತ್ತಿ ಹೊತ್ತು ಕೂತದ್ದರ ಒಡಹುಟ್ಟಿದವೇ. ನಾನು ನೋಡಿದ್ದು ಅಷ್ಟೇ. ತಿರುಗಿ ಓಡಿ ಬಂದು ಚಾಪೆಯ ಮೇಲೆ ಕೂತು ಮಂಡಕ್ಕಿ ತಿಂದೆ.

ಸಂಜೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ನಾನು ಒಲೆಯ ಪಕ್ಕ ಕೂತು ವರದಿ ಒಪ್ಪಿಸಿದೆ. ಹಲಗೆ, ದಿಬ್ಬ, ವಾದ ಯಾವುದೂ ಅವಳಿಗೆ ಬೇಕಾಗಿರಲಿಲ್ಲ.

“ಡಬ್ಬಿ ತುಂಬ ಬುಶ್ಶು ಅವ್ವ. ನಮ್ಮ ಗೂಡಿನಾಗೆ ಐತಲ್ಲ, ಅಂಥವೇ.”

ತಟ್ಟುವ ಕೈ ನಿಂತಿತು. “ಯಾರು ತಂದಿದ್ದು?”

ಅಲ್ಲಿ ನಾನು ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಹನ್ನೊಂದು ರೂಪಾಯಿ ಕೊಟ್ಟು ಕಳಿಸಿದ್ದಾಳೆ, ಹೊಸ ಲಂಗ ತೊಡಿಸಿದ್ದಾಳೆ, ಗೊತ್ತಿಲ್ಲ ಎಂದರೆ ಮುಖ ಬಾಡುತ್ತದೆ. “ಅಪ್ಪಾಜಿ. ಚೀಲದಿಂದ ತೆಗ್ದು ಡಬ್ಬಿಗೆ ಹಾಕಿದ್ರು. ನಾನು ನೋಡಿದೆ,” ಎಂದೆ. ರೊಟ್ಟಿ ಹರಿದುಹೋಯಿತು. ಅವ್ವ ಹಿಟ್ಟನ್ನು ಮತ್ತೆ ಮುದ್ದೆ ಮಾಡಿ, ಇದನ್ನು ಅಜ್ಜಿಯ ಮುಂದೆ ಆಡಬೇಡ ಎಂದಳು. ಅವತ್ತು ನನ್ನ ತಟ್ಟೆಗೆ ಬೆಣ್ಣೆ ಹೆಚ್ಚು ಬಿತ್ತು.

ಆಮೇಲೂ ನಾನು ಮೂರ್ನಾಲ್ಕು ಸಲ ಹೋದೆ. ನನ್ನ ಸುಳ್ಳನ್ನು ನಿಜ ಮಾಡುವಂಥದ್ದು ಏನಾದರೂ ಕಣ್ಣಿಗೆ ಬಿದ್ದೀತೆಂದು ನೋಡಿದೆ, ಬೀಳಲಿಲ್ಲ. ಮಳೆಗಾಲ ಬಂತು. ಹೊಳೆ ಕೆಂಪಗೆ ತುಂಬಿ ಮೆಟ್ಟಿಲು ಮುಳುಗಿದವು. ಒಂದು ದಿನ ಅಪ್ಪಾಜಿ ಆ ಮೂರು ಬಿಸ್ಕತ್ತಿನ ಡಬ್ಬಿಗಳನ್ನು ಹೊತ್ತು ಮನೆಗೇ ಬಂದರು. ಈ ಸಲದ ಸಭೆ ನಮ್ಮ ಪಡಸಾಲೆಯಲ್ಲಿ. ಹರಿಹರದಲ್ಲಿ ಸಂಘ ಕೂಡುವುದು ಅದೇ ಮೊದಲು, ಅಪ್ಪಾಜಿಯ ಕೆಲಸ ನೋಡಲೆಂದು ನಮ್ಮ ಹೊಸಿಲು ದಾಟಿ ಜನ ಬರುವುದೂ ಅದೇ ಮೊದಲು. ಹಲಗೆಯನ್ನು ಮೇಷ್ಟ್ರು ಭಾನುವಾರ ಗಾಡಿಯಲ್ಲಿ ತರುವವರಿದ್ದರು. ಅಪ್ಪಾಜಿ ಗೋಡೆಗೆ ಸುಣ್ಣ ಬಳಿದರು. ಹಿತ್ತಲ ಕಲ್ಲಿನ ಮೇಲೆ ಕೂತು ಒಬ್ಬೊಬ್ಬ ಸೈನಿಕನನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಹಳೇ ಸೀರೆಯ ತುಂಡಿನ ಮೇಲೆ ಸಾಲಾಗಿ ನಿಲ್ಲಿಸಿದರು. ಅಜ್ಜಿ ಬಗ್ಗಿ ಒಂದನ್ನು ಕೈಗೆತ್ತಿಕೊಂಡಳು.

“ಇವನೇ ಏನೋ ನಿಮ್ಮ ರಾಜ? ಇದ್ಯಾಕೋ ಟೊಪ್ಪಿಗಿ ಅಡ್ಡ ಹಾಕ್ಯಾನೆ, ಕುಡಿದಾನೇನು?”

“ಅವನು ಹಾಕೋದೇ ಹಂಗೆ. ದೂರದಿಂದ ಎಲ್ಲರಿಗೂ ಗುರುತು ಸಿಗಲಿ ಅಂತ,” ಎಂದು ಅಪ್ಪಾಜಿ ನಕ್ಕರು. ಅವ್ವ ಹುಣಸೆಹಣ್ಣು ಕೊಟ್ಟಳು, ನಗಲಿಲ್ಲ.

ಗುರುವಾರ ಸಂಜೆ ಅಪ್ಪಾಜಿ ಬಾಡಿಗೆಗೆ ಕುರ್ಚಿ ಕೇಳಲು ಪೇಟೆಗೆ ಹೋಗಿದ್ದಾಗ ಮೂಲೆಮನೆಯ ಗಿರಿಯಪ್ಪ ಬಂದ. ಅವನೂ ಅದೇ ಕಾರ್ಖಾನೆಯವನು. ಕಟ್ಟೆಯ ಮೇಲೆ ಕೂಡಲೂ ಇಲ್ಲ.

“ತಂಗ್ಯವ್ವಾ, ಸುದ್ದಿ ಗೊತ್ತಾತೇನು? ಗೇಟಿನಾಗೆ ಇಬ್ಬರನ್ನ ಹಿಡಿದ್ರು. ಬುತ್ತಿ ಡಬ್ಬಿಯಾಗೆ ಬುಶ್ಶು ಇಟ್ಕಂಡು ಹೊಂಟಿದ್ರಂತೆ. ಅಲ್ಲೇ ಮನಿಗೆ ಕಳಿಸಿದ್ರು. ಇನ್ನ ಟರ್ನರ್‌ಗಳ ಮನಿಮನಿಗೂ ಬಂದು ನೋಡ್ತಾರಂತೆ.”

“ಯಾವಾಗ ಅಣ್ಣಾ?”

“ಯಾರಿಗೆ ಗೊತ್ತು? ನಾಳೆ ಬಂದ್ರೂ ಬಂದಾರು.”

ರಾತ್ರಿ ಊಟಕ್ಕೆ ಕೂತಾಗ ಅಪ್ಪಾಜಿಯೇ ಆ ವಿಷಯ ಎತ್ತಿದರು, ಇಬ್ಬರು ಸಿಕ್ಕಿಬಿದ್ದರು, ಎಂಥ ದಡ್ಡರು ಎಂದರು. ನಾವು ಮೂವರು ಹೆಂಗಸರು ಅವರ ಸುತ್ತ ಇದ್ದೆವು. ಒಂದು ಮಾತು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವ್ವ ಇನ್ನೊಂದು ಸೌಟು ಸಾರು ಹಾಕಿದಳು. ಅಪ್ಪಾಜಿ ಎದ್ದ ಮೇಲೆ ನನ್ನ ಕಿವಿಯಲ್ಲಿ, “ನೋಡಿದ್ಯಾ, ಹೆಂಗೆ ಏನೂ ಗೊತ್ತಿಲ್ದಂಗೆ ಆಡ್ತಾರ?” ಎಂದಳು. ಗೊತ್ತಿಲ್ಲದವರೂ ಹಾಗೆಯೇ ಇರುತ್ತಾರೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಶುಕ್ರವಾರ ಅಪ್ಪಾಜಿ ಬೆಳಗಿನ ಪಾಳಿಗೆ ಹೋದರು. ಅವ್ವ ನನ್ನನ್ನು ಶಾಲೆ ಬಿಡಿಸಿದಳು. ಡಬ್ಬಿಗಳನ್ನು ಎರಡು ಬಕೆಟ್ಟಿನಲ್ಲಿಟ್ಟು ಮೇಲೆ ಒಗೆಯುವ ಬಟ್ಟೆ ಹರಡಿದೆವು. ಹೆಂಗಸರು ಒಗೆಯುವ ಕಡೆಗೆ ಹೋಗದೆ ಸೇತುವೆಯತ್ತ ನಡೆದೆವು. ನೀರು ಸುಳಿ ತಿರುಗುತ್ತ ಹೋಗುವ ಕಡೆ ಅವ್ವ ನಿಂತು, ಮೀನಿಗೆ ನುಚ್ಚು ಎಸೆದಂತೆ ಹಿಡಿಹಿಡಿಯಾಗಿ ಎಸೆದಳು. ಫಿರಂಗಿಗಳನ್ನು ನಾನು ಎಸೆದೆ. ಸದ್ದೂ ಬರಲಿಲ್ಲ, ಹೊಳೆಯದೇ ಅಷ್ಟು ಸದ್ದಿತ್ತು. ಡಬ್ಬಿಗಳನ್ನು ಮಾತ್ರ ಅವ್ವ ಎಸೆಯಲಿಲ್ಲ. ಬಿಗಿ ಮುಚ್ಚಳದ ಗಟ್ಟಿ ಡಬ್ಬಿಗಳು, ಯಾಕೆ ಹಾಳುಮಾಡಬೇಕು? ಮನೆಗೆ ತಂದು ತೊಳೆದು, ಒರೆಸಿ, ಒಂದಕ್ಕೆ ಶೇಂಗಾ, ಒಂದಕ್ಕೆ ಒಣಮೆಣಸಿನಕಾಯಿ, ಒಂದಕ್ಕೆ ಬೆಲ್ಲ ತುಂಬಿಟ್ಟಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಹಣೆಯ ಗೆರೆ ಸಡಿಲಾಗಿತ್ತು. ಗಂಡನ ಕೆಲಸ ಉಳಿಸಿದೆ ಎಂದು ಅವಳು ನಂಬಿದ್ದಳು.

ಅಪ್ಪಾಜಿ ಮಧ್ಯಾಹ್ನ ಬಂದು, ಕೈಕಾಲು ತೊಳೆದು, ಸೈನಿಕರನ್ನು ಇನ್ನೊಂದು ಸಲ ಒರೆಸಲೆಂದು ಡಬ್ಬಿ ತೆಗೆದರು. ಒಳಗೆ ಶೇಂಗಾ. ಎರಡನೆಯದು ತೆಗೆದರು, ಮೆಣಸಿನಕಾಯಿ. ಮೂರನೆಯದನ್ನು ತೆಗೆಯಲಿಲ್ಲ.

“ಎಲ್ಲಿ ಅವು?”

“ಹೊಳಿಗೆ ಹಾಕಿದೆ,” ಎಂದಳು ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು. “ಮನಿ ನೋಡಾಕೆ ಬರ್ತಾರಂತೆ. ಸಿಕ್ಕಿದ್ರೆ ಏನ್ ಮಾಡ್ತಿದ್ರಿ? ಈ ಹುಡುಗಿ ಮಾರಿನಾದ್ರೂ ನೋಡಬೇಕಿತ್ತು ನೀವು.”

ಅಪ್ಪಾಜಿ ಹಾಗೇ ನೆಲದ ಮೇಲೆ ಕೂತರು. ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು.

“ಅವನ್ನ ಮಾಡಿದ್ದು ಪಂಪಿನ ಬುಶ್ಶಿನಿಂದ ಕಣೇ. ಪಂಪು ರಿಪೇರಿ ಮಾಡುವಾಗ ಸವೆದದ್ದು ಕಿತ್ತು ಹೊಸದು ಹಾಕ್ತಾರ. ಸಾಬ್ರು ಸವೆದವನ್ನ ಕರಗಿಸಿ ಸರಳು ಹೊಯ್ದು ಕೊಡ್ತಿದ್ರು. ಕಾರ್ಖಾನೆದು ಒಂದು ಚೂರೂ ಇಲ್ಲ ಅದರಾಗೆ.”

“ನೀವು ಚೀಲದಿಂದ ಬುಶ್ಶು ತೆಗ್ದು ಡಬ್ಬಿಗೆ ಹಾಕಿದ್ದನ್ನ ಇವಳು ಕಣ್ಣಾರೆ ನೋಡ್ಯಾಳೆ.”

ಅಪ್ಪಾಜಿ ನನ್ನ ಕಡೆ ತಿರುಗಿದರು. “ನೋಡಿದ್ಯಾ ಸುಮಿ?”

ನಡುಮನೆಯಲ್ಲಿ ಅಜ್ಜಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ನನಗೆ ಇನ್ನೊಂದು ಅವಕಾಶ ಸಿಕ್ಕಿತ್ತು, ಅದೂ ಬಿಟ್ಟಿಯಾಗಿ. “ಹ್ಞೂ,” ಎಂದೆ. ಅಪ್ಪಾಜಿ ನನ್ನನ್ನು ಒಂದು ಗಳಿಗೆ ನೋಡಿದರು. “ಹಂಗಾದ್ರೆ ಆತು ಬಿಡು,” ಎಂದು ಎದ್ದು, ಶೇಂಗಾದ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಹೊರಗೆ ಹೋದರು. ಮನೆ ನೋಡಲು ಕಾರ್ಖಾನೆಯಿಂದ ಅವತ್ತು ಯಾರೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಸಭೆ ಬೇಡವೆಂದು ಹೇಳಿ ಕಳಿಸಲು ಅಪ್ಪಾಜಿ ಒಪ್ಪಲಿಲ್ಲ. ಭಾನುವಾರ ಎಲ್ಲರೂ ಬಂದರು. ಸುಣ್ಣದ ವಾಸನೆಯ ಪಡಸಾಲೆಯಲ್ಲಿ ಹಲಗೆ ಇಳಿಸಿ, ಬಾಡಿಗೆ ಕುರ್ಚಿಗಳ ಮೇಲೆ ಕೂತರು. ದಿಬ್ಬಗಳು, ಹೊಲ, ತೋಟದ ಮನೆ ಎಲ್ಲ ಇತ್ತು, ಯುದ್ಧ ಮಾಡುವವರು ಇರಲಿಲ್ಲ. “ಸೈನ್ಯ ಇಲ್ಲ ಸರ್,” ಎಂದರು ಅಪ್ಪಾಜಿ. “ನನ್ನ ಕೈಯಿಂದಲೇ ಕಳದು ಹೋತು.” ಮೇಷ್ಟ್ರು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕಡೆಗೆ ಬಂದ ಖಾದರ್ ಸಾಬ್ರು ಒಂದು ಭಾರದ ಚೀಲವನ್ನು ಹೊಸಿಲಿನ ಒಳಗೆ ಇಳಿಸಿದರು.

“ತಗೊಳ್ರಿ ಬಸಣ್ಣ. ಕೊಕ್ಕನೂರಿಂದ ಮೂರು ಪಂಪು, ಕಡರನಾಯಕನಹಳ್ಳಿಯಿಂದ ಎರಡು ಬಂದಿದ್ವು. ಬುಶ್ಶೆಲ್ಲ ಸವ್ದು ಹೋಗ್ಯಾವ. ಕರಗಿಸಿದ್ರೆ ಇನ್ನೊಂದು ದಳ ಆಗ್ತದ.”

ಅಡುಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅವ್ವ ಬಾಣಲೆ ಕೆಳಗಿಳಿಸಿದಳು. ಚೀಲದ ಬಾಯಿಂದ ಬುಶ್‌ಗಳು ಕಾಣುತ್ತಿದ್ದವು. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು. ಅಷ್ಟು ಜನರ ಮುಂದೆ ಈಗ ನನ್ನ ಹೆಸರು ಹೇಳುತ್ತಾಳೆ ಎಂದು ನಾನು ಗೋಡೆಗೆ ಅಂಟಿಕೊಂಡೆ. ಅವ್ವ ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದಳು. ಗಂಡಸರ ಸಭೆಯ ನಡುವೆ ಅವಳು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಅವರ ಕೈಯಿಂದ ಹೋಗಿಲ್ಲ ಸರ್. ನಿಮ್ಮ ಸೈನ್ಯನ ಹೊಳಿಗೆ ಹಾಕಿದಾಕಿ ನಾನು. ಕದ್ದ ಮಾಲು ಅಂತ ತಿಳಕಂಡೆ. ನನ್ನ ಬುದ್ಧಿ ಅಷ್ಟೇ.”

ಯಾರೂ 'ಹೋಗಲಿ ಬಿಡ್ರಿ' ಎನ್ನಲಿಲ್ಲ. ಮೇಷ್ಟ್ರು ಖಾಲಿ ಹಲಗೆಯ ಕಡೆ ನೋಡಿ ಹೇಳಿದರು. “ರಷ್ಯಾದಿಂದ ವಾಪಸ್ ಬರುವಾಗ ಅವನದೂ ಎಷ್ಟೋ ಸೈನ್ಯ ಒಂದು ಹೊಳಿ ದಾಟುವಾಗಲೇ ಹೋತು ತಾಯಿ. ನಮಗೂ ಹಂಗೇ ಆತು ಅನ್ಕಂತೀವಿ. ಮಂಡಕ್ಕಿ ತರ್ರಿ, ಆರಿಹೋಗ್ತದ.” ಎಲ್ಲರೂ ತಿಂದರು, ಚಹಾ ಕುಡಿದರು, ಖಾಲಿ ಹಲಗೆಯನ್ನು ಮತ್ತೆ ಗಾಡಿಗೆ ಏರಿಸಿದರು. ಆ ಮಾತನ್ನು ಅವರು ಒಳ್ಳೇ ಮನಸ್ಸಿನಿಂದ ಆಡಿದರೋ, ಬರೀ ಸಭೆಯ ಮರ್ಯಾದೆ ಕಾಯಲು ಆಡಿದರೋ ಎಂದು ನಾನು ಬಹಳ ದಿನ ಯೋಚಿಸಿದೆ. ಅಂಥ ಯೋಚನೆ ನನ್ನನ್ನು ವ್ಯಾಪಾರಕ್ಕೆ ಲಾಯಕ್ಕು ಮಾಡಿತು ಎನ್ನುವವರಿದ್ದಾರೆ. ಇರಬಹುದು.

ಅಪ್ಪಾಜಿ ಮತ್ತೆ ಸಾಬ್ರ ಶೆಡ್ಡಿನ ಆ ಲೇತ್ ಮುಟ್ಟಲಿಲ್ಲ. ಸಂಘಕ್ಕೆ ಎರಡು ಸಲ ಹೋದರು, ಆಮೇಲೆ ಭಾನುವಾರ ಮನೆಯಲ್ಲೇ ಉಳಿದರು. ಯಾರಾದರೂ ಕೇಳಿದರೆ ಸಣ್ಣ ಕೆಲಸಕ್ಕೆ ಕಣ್ಣು ಸಾಲುವುದಿಲ್ಲ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಅದೇ ಕಣ್ಣಿನಿಂದ ನಿವೃತ್ತಿಯವರೆಗೂ ದುಡಿದರು. ಅವ್ವ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಅವತ್ತಿನಿಂದ ನಾನು ಏನು ಹೇಳಿದರೂ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು, ನಾಳೆ ಶಾಲೆಗೆ ರಜೆ ಎಂದರೂ ಕೂಡ. ನನ್ನ ಮಾತಿಗೆ ಬೆಲೆ ಬರಲು ಆ ಮನೆಯಲ್ಲಿ ಹತ್ತು ವರ್ಷ ಬೇಕಾಯಿತು. ಇವತ್ತು ನನ್ನ ಅಂಗಡಿಯಲ್ಲಿ ಅಗ್ಗದ ಮತ್ತಿ ಮರವನ್ನು ಸಾಗುವಾನಿ ಎಂದು ಮಾರುವುದಿಲ್ಲವಾದರೆ ಅದು ಪುಣ್ಯದ ಆಸೆಯಿಂದಲ್ಲ, ಆ ಹತ್ತು ವರ್ಷದ ನೆನಪಿನಿಂದ.

ಕೆಲವು ವರ್ಷಗಳ ಹಿಂದೆ ಅಪ್ಪಾಜಿ ನನ್ನ ಅಂಗಡಿಗೆ ಬಂದು, ಮಾಯಕೊಂಡದ ಕಡೆಯಿಂದ ತಂದ ಒಂದು ಕಂಬದ ಕಡಗವನ್ನು ಬೆರಳಿನಿಂದ ಸವರುತ್ತ ಕೂತಿದ್ದರು. ಗಿರಾಕಿಗಳಿರಲಿಲ್ಲ. ಕಡೆಗೂ ಹೇಳಿದೆ.

“ಅಪ್ಪಾಜಿ, ಅವತ್ತು ನಾನು ನೋಡಿರಲಿಲ್ಲ.”

“ಗೊತ್ತು,” ಎಂದರು, ಕಂಬದಿಂದ ಕಣ್ಣು ತೆಗೆಯದೆ. “ನಾನು ತೆಗ್ದಿದ್ರೆ ತಾನೇ ನೀನು ನೋಡೋದು?”

“ಮತ್ತೆ ಅವ್ವನ ಮುಂದೆ ಯಾಕ ಸುಮ್ಮನಾದ್ರಿ?”

“ಸೈನ್ಯ ಹೋಗಿತ್ತು. ಮಗಳನ್ನೂ ಹೊಳಿಗೆ ಹಾಕಬೇಕಿತ್ತೇನು?”

ನಾನು ಸಲಹೆ ಕೊಡುವುದರಲ್ಲಿ ಜಿಪುಣಿಯಲ್ಲ, ಆದ್ದರಿಂದ ಕೇಳಿಸಿಕೊಳ್ಳಿ. ಅನುಮಾನ ಪಡಬೇಡಿ ಎಂದು ನಾನು ಹೇಳುವುದಿಲ್ಲ. ಅನುಮಾನವಿಲ್ಲದೆ ನಾನು ಒಂದು ಕಿಟಕಿಯನ್ನೂ ಕೊಳ್ಳುವುದಿಲ್ಲ. ಆದರೆ ಯಾರ ಮೇಲೆ ಅನುಮಾನವೋ ಅವರನ್ನೇ ಮೊದಲು ಕೇಳಿ. ಮನೆಯೊಳಗೆ ಒಂದು ಸಾಮಾನು ಬಂದರೆ ಎಲ್ಲಿಯದು ಎಂದು ಬಾಗಿಲಲ್ಲೇ ಕೇಳಿಬಿಡಿ. ಹೆಚ್ಚೆಂದರೆ ಎರಡು ದಿನ ಮುಖ ಊದಿಸಿಕೊಂಡಾರು. ನೀವು ಸಾಮಾನು ತರುವವರಾಗಿದ್ದರೆ ಕೇಳುವ ತನಕ ಕಾಯದೆ ಹೇಳಿಬಿಡಿ. ಗಂಡಸರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ. ಇನ್ನು ನಿಮ್ಮ ಮಗುವಿಗೆ ಹೊಸ ಬಟ್ಟೆ ತೊಡಿಸಿ, ಕೈಗೆ ನಾಲ್ಕು ಕಾಸು ಕೊಟ್ಟು, ಅಪ್ಪ ಏನು ಮಾಡುತ್ತಾನೆ ನೋಡಿಕೊಂಡು ಬಾ, ಅಮ್ಮ ಯಾರ ಜೊತೆ ಮಾತಾಡುತ್ತಾಳೆ ನೋಡಿಕೊಂಡು ಬಾ ಎಂದು ಮಾತ್ರ ಎಂದಿಗೂ ಕಳಿಸಬೇಡಿ. ಹಾಗೆ ಕಳಿಸಿದ ಮಗು ಬರಿಗೈಯಲ್ಲಿ ವಾಪಸ್ ಬರುವುದಿಲ್ಲ. ಅಲ್ಲಿ ಏನೂ ಇಲ್ಲದಿದ್ದರೂ ನಿಮಗೆ ಬೇಕಾದದ್ದನ್ನು ತಂದೇ ತರುತ್ತದೆ.